ಸ್ಲೈಡಿನ ಮೇಲಿನ ಕಂದು ಬಣ್ಣ: ಜೀರ್ಣನಾಳದ ಕ್ಯಾನ್ಸರ್‌ಗಳ ಗುರುತು ಪ್ರೋಟೀನ್‌ಗಳು ನಡೆದುಬಂದ ದಾರಿ

ಅನ್ನನಾಳ, ಜಠರ, ಕರುಳು, ಗುದನಾಳ ಹೀಗೆ ಜೀರ್ಣನಾಳದ ಯಾವ ಭಾಗದಲ್ಲೇ ಗಂತಿ ಕಂಡರೂ ಕೊನೆಯ ಮಾತು ಬಯಾಪ್ಸಿಯದು. ಎಂಡೋಸ್ಕೋಪಿನ ಚಿಮುಟ ಕಿತ್ತು ತಂದ ಅಕ್ಕಿಕಾಳಿನಷ್ಟು ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಮೂರು-ನಾಲ್ಕು ಮೈಕ್ರಾನ್ ದಪ್ಪಕ್ಕೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತಾರೆ. ಮೊದಲು ಹಾಕುವುದು ನೀಲಿ ಮತ್ತು ಗುಲಾಬಿ. ಅದರಿಂದ ಕೋಶಗಳ ಆಕಾರ ತಿಳಿಯುತ್ತದೆ. ಆಕಾರವೊಂದನ್ನೇ ನೋಡಿ ತೀರ್ಮಾನಕ್ಕೆ ಬರಲಾಗದಿದ್ದಾಗ ಕಂದು ಬಣ್ಣದ ಸರದಿ. ಕಂದು ಬಿದ್ದ ಕಡೆ ಗೊತ್ತುಮಾಡಿದ ಒಂದು ಪ್ರೋಟೀನ್ ಇದೆ ಎಂದು ಅರ್ಥ. ಆ ಪ್ರೋಟೀನಿಗೆ ಹೋಗಿ ಅಂಟುವ ಪ್ರತಿಕಾಯವನ್ನು ಬಳಸುವ ಈ ಪರೀಕ್ಷೆಗೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂದು ಹೆಸರು. ಆಸ್ಪತ್ರೆಯ ಮಾತಿನಲ್ಲಿ ಐಎಚ್‌ಸಿ. ಇದರ ಚರಿತ್ರೆಯ ನಡುವೆ ಒಂದು ದೊಡ್ಡ ಸೋಲು ಇದೆ. ಕ್ಯಾನ್ಸರಿಗೆ ಮಾತ್ರ ಸೇರಿದ ಪ್ರೋಟೀನ್ ಬೇಕೆಂದು ಹೊರಟವರಿಗೆ ಅಂಥದ್ದು ಸಿಗಲಿಲ್ಲ. ಸಿಕ್ಕಿದ್ದು ಕೋಶದ ತವರಿನ ಗುರುತು. ಹುಡುಕಿದ್ದಕ್ಕಿಂತ ಸಿಕ್ಕಿದ್ದೇ ಹೆಚ್ಚು ಕೆಲಸಕ್ಕೆ ಬಂತು.

ನೀಲಿ-ಗುಲಾಬಿ ಬಣ್ಣಗಳು 19ನೆಯ ಶತಮಾನದ ಯುರೋಪಿನ ಕೊಡುಗೆ. ಮೆಕ್ಸಿಕೊದ ಕಂಪೇಚೆ ಕಡೆಯ ಮರದ ಚೇಗಿನಿಂದ ತೆಗೆಯುವ ಹೆಮಟಾಕ್ಸಿಲಿನ್ ಮೊದಲು ಬಟ್ಟೆಗೆ ಬಣ್ಣ ಕಟ್ಟುವವರ ಸರಕಾಗಿತ್ತು. 1865ರಲ್ಲಿ ಬ್ಯೋಮರ್ ಅದಕ್ಕೆ ಪಟಿಕ ಬೆರೆಸಿದಾಗ ಕೋಶಕೇಂದ್ರಗಳು ನೀಲಿಯಾಗಿ ಎದ್ದು ಕಂಡವು. 1870ರ ದಶಕದಲ್ಲಿ ಇಯೋಸಿನ್ ಎಂಬ ಕೃತಕ ಬಣ್ಣ ಜೊತೆಗೂಡಿ ಉಳಿದ ಭಾಗ ಗುಲಾಬಿಯಾಯಿತು. ಅಂಗಾಂಶವನ್ನು ಮೇಣದಲ್ಲಿ ಹುದುಗಿಸುವ ಕ್ರಮವೂ ಹೆಚ್ಚುಕಡಿಮೆ ಅದೇ ಕಾಲದ್ದು. ಫಾರ್ಮಲಿನ್ ಮಾತ್ರ ಆಕಸ್ಮಿಕವಾಗಿ ಬಂತು. 1893ರಲ್ಲಿ ಫ್ರಾಂಕ್‌ಫರ್ಟ್‌ನ ವೈದ್ಯ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲ್ಡಿಹೈಡ್ ಕ್ರಿಮಿಗಳನ್ನು ಎಷ್ಟರಮಟ್ಟಿಗೆ ಕೊಲ್ಲುತ್ತದೆ ಎಂದು ಪರೀಕ್ಷಿಸುತ್ತಿದ್ದಾಗ ತಮ್ಮ ಬೆರಳಿನ ಚರ್ಮ ಗಡುಸಾದದ್ದನ್ನು ಗಮನಿಸಿದರು. ಚರ್ಮವನ್ನು ಗಡುಸು ಮಾಡುವ ದ್ರವ ಅಂಗಾಂಶವನ್ನೂ ಕೊಳೆಯದಂತೆ ಗಡುಸಾಗಿಡಬಹುದು ಎಂಬ ಅವರ ಊಹೆ ನಿಜವಾಯಿತು. ಆ ಗಡುಸುತನ ನೂರು ವರ್ಷಗಳ ನಂತರ ಬಂದವರಿಗೆ ದೊಡ್ಡ ತಲೆನೋವಾಯಿತು, ಅದರ ಮಾತು ಮುಂದೆ ಬರುತ್ತದೆ.

ಗಂತಿ ಕ್ಯಾನ್ಸರೋ ಅಲ್ಲವೋ ಎಂಬುದಕ್ಕೆ ಈ ಬಣ್ಣಗಳು ಚೆನ್ನಾಗಿಯೇ ಉತ್ತರ ಕೊಟ್ಟವು. ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಗೆ ಮಾತ್ರ ತಡವರಿಸಿದವು. 1896ರಲ್ಲಿ ಜರ್ಮನಿಯ ಫ್ರೀಡ್ರಿಕ್ ಕ್ರುಕೆನ್‌ಬರ್ಗ್ ಅಂಡಾಶಯದ ಒಂದು ವಿಚಿತ್ರ ಗಂತಿಯನ್ನು ವರ್ಣಿಸಿ, ಅದು ಅಂಡಾಶಯದಲ್ಲೇ ಹುಟ್ಟಿದ್ದೆಂದು ಬರೆದರು. ಕೆಲವೇ ವರ್ಷಗಳಲ್ಲಿ ಅದು ಬಹುಮಟ್ಟಿಗೆ ಜಠರದಿಂದ ಹರಡಿ ಬಂದದ್ದೆಂದು ಗೊತ್ತಾಯಿತು. ಹೆಸರು ಇಂದಿಗೂ ಅವರದೇ ಉಳಿದಿದೆ, ತೀರ್ಮಾನ ಉಳಿಯಲಿಲ್ಲ. ಗ್ರಂಥಿಕೋಶಗಳ ಕ್ಯಾನ್ಸರ್ ಜಠರದಲ್ಲಿ ಹುಟ್ಟಿದರೂ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿದರೂ ಶ್ವಾಸಕೋಶದಲ್ಲಿ ಹುಟ್ಟಿದರೂ ಯಕೃತ್ತಿಗೆ ಹರಡಿದ ಮೇಲೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣಬಲ್ಲವು. ರಾಸಾಯನಿಕ ಬಣ್ಣಗಳು ಅಲ್ಲೊಂದು ಇಲ್ಲೊಂದು ಸುಳಿವು ಕೊಟ್ಟವು: ಲೋಳೆಯನ್ನು ತೋರಿಸುವ ಬಣ್ಣಗಳು, ಕರುಳಿನ ಹಾರ್ಮೋನ್ ಕೋಶಗಳನ್ನು ಕಪ್ಪಾಗಿಸುವ ಬೆಳ್ಳಿಯ ಲವಣಗಳು. ಮ್ಯೂನಿಕ್‌ನ ಝೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಕಾರ್ಸಿನಾಯ್ಡ್ ಎಂದು ಹೆಸರಿಟ್ಟ ಸಣ್ಣಕರುಳಿನ ಗಂತಿಗಳನ್ನು ಬೇರ್ಪಡಿಸಲು ಆ ಬೆಳ್ಳಿಯೇ ನೆರವಾಯಿತು. ಆದರೆ ಇವೆಲ್ಲ ಪದಾರ್ಥದ ಬಗೆಯನ್ನಷ್ಟೇ ಹೇಳಬಲ್ಲ ಬಣ್ಣಗಳು. ಇಂಥದ್ದೇ ಪ್ರೋಟೀನ್ ಎಂದು ಬೊಟ್ಟು ಮಾಡಿ ತೋರಿಸುವ ಬಣ್ಣ ಯಾವುದೂ ಇರಲಿಲ್ಲ.

ಅಂಥ ಬಣ್ಣದ ಕಲ್ಪನೆ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಅವರಿಗೆ 1939ರಲ್ಲಿ, ಯುದ್ಧ ಸಮೀಪಿಸಿದ್ದ ಬರ್ಲಿನ್‌ನಲ್ಲಿದ್ದಾಗ ಹೊಳೆಯಿತು. ಅವರ ತಲೆಯಲ್ಲಿದ್ದದ್ದು ಕ್ಯಾನ್ಸರ್ ಅಲ್ಲ, ರುಮ್ಯಾಟಿಕ್ ಜ್ವರ. ಆ ಕಾಯಿಲೆಯಲ್ಲಿ ಹೃದಯದ ಗಂಟುಗಳೊಳಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಅಂಶ ಇದೆಯೇ ಎಂದು ಕಣ್ಣಾರೆ ನೋಡಬೇಕಿತ್ತು. ಪ್ರತಿಕಾಯ ತನ್ನ ಗುರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ; ಅದರ ಬೆನ್ನಿಗೆ ಹೊಳೆಯುವ ಬಣ್ಣವೊಂದನ್ನು ಕಟ್ಟಿ ಕಳಿಸಿದರೆ ಗುರಿ ಎಲ್ಲಿದೆ ಎಂದು ತಿಳಿಯುತ್ತದೆ. 1941-42ರಲ್ಲಿ ಕೂನ್ಸ್ ಮತ್ತು ಸಂಗಡಿಗರು ಫ್ಲೋರೆಸಿನ್ ಕಟ್ಟಿದ ಪ್ರತಿಕಾಯಗಳಿಂದ ಇಲಿಯ ಅಂಗಾಂಶದಲ್ಲಿ ನ್ಯುಮೊಕಾಕಸ್‌ನ ಅಂಶವನ್ನು ತೋರಿಸಿಯೂ ಬಿಟ್ಟರು. ಅಷ್ಟರಲ್ಲಿ ಕೂನ್ಸ್ ಯುದ್ಧಕ್ಕೆ ಹೋಗಬೇಕಾಯಿತು, ಕೆಲಸ ವರ್ಷಗಟ್ಟಲೆ ನಿಂತಿತು.

ಹೊಳೆಯುವ ಬಣ್ಣಕ್ಕೆ ಕತ್ತಲೆಕೋಣೆ ಬೇಕು, ವಿಶೇಷ ಸೂಕ್ಷ್ಮದರ್ಶಕ ಬೇಕು, ಹೆಪ್ಪುಗಟ್ಟಿಸಿದ ತಾಜಾ ಅಂಗಾಂಶ ಬೇಕು. ಮೇಲಾಗಿ ಹೊಳಪು ಕೆಲ ಹೊತ್ತಿಗೆ ಮಾಸುತ್ತದೆ. 1966ರಲ್ಲಿ ಅಮೆರಿಕದಲ್ಲಿ ಪಾಲ್ ನಕಾನೆ ಮತ್ತು ಬ್ಯಾರಿ ಪಿಯರ್ಸ್, ಫ್ರಾನ್ಸ್‌ನಲ್ಲಿ ಸ್ಟ್ರಾಟಿಸ್ ಅವ್ರಮೀಯಸ್ ಪ್ರತಿಕಾಯಕ್ಕೆ ಬಣ್ಣದ ಬದಲು ಕಿಣ್ವವನ್ನು ಕಟ್ಟಿದರು. ಆ ಕಿಣ್ವ ಬಂದದ್ದು ಸಾಸಿವೆಯ ಬಳಗಕ್ಕೆ ಸೇರಿದ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಬೇರಿನಿಂದ. ಡಿಎಬಿ ಎಂಬ ರಾಸಾಯನಿಕದ ಜೊತೆ ಸೇರಿದರೆ ಅದು ಕರಗದ, ಮಾಸದ ಕಂದು ಮಡ್ಡಿಯನ್ನು ಬಿಡುತ್ತದೆ. ಎಂದಿನ ಸೂಕ್ಷ್ಮದರ್ಶಕದಲ್ಲೇ ಅದನ್ನು ನೋಡಬಹುದು. ಸ್ಲೈಡಿನ ಕಂದು ಹುಟ್ಟಿದ್ದು ಹೀಗೆ. 1974ರಲ್ಲಿ ಆಕ್ಸ್‌ಫರ್ಡ್‌ನ ಕ್ಲೈವ್ ಟೇಲರ್ ಮತ್ತು ಬರ್ನ್ಸ್ ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಸಾಮಾನ್ಯ ಬ್ಲಾಕ್‌ಗಳಲ್ಲೂ ಈ ವಿಧಾನ ನಡೆಯುತ್ತದೆ ಎಂದು ತೋರಿಸಿದರು. ಪ್ರಯೋಗಾಲಯದ ಈ ಕೌತುಕ ಆಸ್ಪತ್ರೆಯ ಪರೀಕ್ಷೆಯಾಗುವ ದಾರಿ ಅಲ್ಲಿಂದ ತೆರೆಯಿತು. 1981ರಲ್ಲಿ ಬಂದ ಅವಿಡಿನ್-ಬಯೋಟಿನ್ ವಿಧಾನ ಬಣ್ಣವನ್ನು ಹಲವು ಪಟ್ಟು ಗಾಢಗೊಳಿಸಿತು. ಅವಿಡಿನ್ ಕೋಳಿಮೊಟ್ಟೆಯ ಬಿಳಿಭಾಗದ ಪ್ರೋಟೀನ್. ಖಾರದ ಬೇರು, ಮೊಟ್ಟೆಯ ಬಿಳಿ, ಮುಂದೆ ಬರಲಿರುವ ಪ್ರೆಷರ್ ಕುಕ್ಕರ್ ಎಲ್ಲ ಸೇರಿ ಈ ವಿದ್ಯೆಯ ಅರ್ಧ ಸಾಮಾನು ಅಡುಗೆಮನೆಯದೇ.

ಸಾಧನ ಸಿದ್ಧವಾಗುತ್ತಿದ್ದಾಗಲೇ ಗುರಿಯ ಹುಡುಕಾಟವೂ ನಡೆದಿತ್ತು. ಜೀರ್ಣನಾಳದ ಮಟ್ಟಿಗೆ ಅದರ ಮೊದಲ ಮಹಾ ಸುದ್ದಿ 1965ರಲ್ಲಿ ಕೆನಡಾದ ಮಾಂಟ್ರಿಯಾಲ್‌ನಿಂದ ಬಂತು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಫ್ರೀಡ್‌ಮನ್ ಮತ್ತು ಅವರ ಶಿಷ್ಯ ಫಿಲ್ ಗೋಲ್ಡ್ ಕ್ಯಾನ್ಸರಿಗೆ ಮಾತ್ರ ಸೇರಿದ ಪ್ರತಿಜನಕವನ್ನು, ಅಂದರೆ ಪ್ರತಿಕಾಯ ಹೋಗಿ ಅಂಟುವ ಪದಾರ್ಥವನ್ನು, ಹುಡುಕುತ್ತಿದ್ದರು. ಅಲ್ಲಿಯವರೆಗೆ ಈ ಪ್ರಯತ್ನ ಮಾಡಿದವರೆಲ್ಲ ಒಂದು ತೊಡಕಿಗೆ ಸಿಕ್ಕಿಬಿದ್ದಿದ್ದರು: ಒಬ್ಬರ ಕ್ಯಾನ್ಸರನ್ನು ಇನ್ನೊಬ್ಬರ ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಸಿದಾಗ ಕಾಣುವ ವ್ಯತ್ಯಾಸ ಕ್ಯಾನ್ಸರಿನದೋ ಆ ಇಬ್ಬರು ವ್ಯಕ್ತಿಗಳದೋ ಎಂದು ಬಿಡಿಸಿ ಹೇಳಲಾಗುತ್ತಿರಲಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಕರುಳಿನ ಗೋಡೆಗುಂಟ ಬಹಳ ದೂರ ಹಬ್ಬುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಒಂದೇ ತುಂಡಿನಲ್ಲಿ ರೋಗದ ಭಾಗವೂ ಇರುತ್ತದೆ, ಅದೇ ರೋಗಿಯ ಆರೋಗ್ಯವಂತ ಕರುಳೂ ಇರುತ್ತದೆ. ಗಂತಿಯ ಸಾರವನ್ನು ಮೊಲಗಳಿಗೆ ಚುಚ್ಚಿ ಪ್ರತಿಕಾಯ ಪಡೆದು, ಆರೋಗ್ಯವಂತ ಕರುಳಿಗೆ ಅಂಟುವ ಪ್ರತಿಕಾಯಗಳನ್ನೆಲ್ಲ ಅದರಿಂದ ಸೋಸಿ ತೆಗೆದಾಗ ಉಳಿದದ್ದು ಗಂತಿಗೆ ಮಾತ್ರ ಅಂಟಿತು. ಹುಡುಕುತ್ತಿದ್ದ ಪ್ರತಿಜನಕ ಸಿಕ್ಕಿತೆಂದೇ ತೋರಿತು. ಅದೇ ಪದಾರ್ಥ ಆರು ತಿಂಗಳೊಳಗಿನ ಭ್ರೂಣದ ಕರುಳು, ಯಕೃತ್ತು, ಮೇದೋಜೀರಕ ಗ್ರಂಥಿಗಳಲ್ಲೂ ಕಂಡದ್ದರಿಂದ ಅದಕ್ಕೆ ಕಾರ್ಸಿನೊಎಂಬ್ರಿಯಾನಿಕ್ ಆಂಟಿಜನ್, ಚಿಕ್ಕದಾಗಿ ಸಿಇಎ, ಎಂಬ ಹೆಸರಾಯಿತು. ಭ್ರೂಣದಲ್ಲಿದ್ದು ಹುಟ್ಟಿನ ಹೊತ್ತಿಗೆ ಮರೆಯಾಗುವ ಪ್ರೋಟೀನ್ ಕ್ಯಾನ್ಸರಿನಲ್ಲಿ ಮತ್ತೆ ತಲೆಯೆತ್ತುತ್ತದೆ ಎಂಬ ವಿವರಣೆ ಎಷ್ಟು ಸೊಗಸಾಗಿತ್ತೆಂದರೆ ಅದನ್ನು ನಂಬದಿರುವುದು ಕಷ್ಟವಾಗಿತ್ತು.

1969ರಲ್ಲಿ ಅದೇ ಗುಂಪು ರಕ್ತದಲ್ಲಿ ಸಿಇಎ ಅಳೆಯುವ ವಿಧಾನ ರೂಪಿಸಿ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ ಬಹುತೇಕ ಎಲ್ಲ ರೋಗಿಗಳಲ್ಲೂ ಅದು ಕಂಡಿತೆಂದು ಪ್ರಕಟಿಸಿತು. ಒಂದು ಹನಿ ರಕ್ತದಲ್ಲಿ ಕ್ಯಾನ್ಸರನ್ನು ಮೊದಲೇ ಹಿಡಿಯುವ ಕಾಲ ಬಂತೆಂದು ಪತ್ರಿಕೆಗಳು ಸಂಭ್ರಮಿಸಿದವು. ಬೇರೆ ಆಸ್ಪತ್ರೆಗಳು ಪರೀಕ್ಷಿಸಿ ನೋಡಿದಾಗ ಚಿತ್ರ ಬದಲಾಯಿತು. ಬೀಡಿ-ಸಿಗರೇಟು ಸೇದುವವರಲ್ಲಿ ಸಿಇಎ ಹೆಚ್ಚು, ಯಕೃತ್ತು ಕೆಟ್ಟವರಲ್ಲಿ ಹೆಚ್ಚು, ಕರುಳಿನ ಉರಿಯೂತದಲ್ಲಿ ಹೆಚ್ಚು. ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರಿನಲ್ಲೂ ಇದೆ. ಕೊನೆಗೆ ಆರೋಗ್ಯವಂತ ದೊಡ್ಡ ಕರುಳಿನ ಕೋಶಗಳಲ್ಲೂ ಅದು ಪತ್ತೆಯಾಯಿತು. 1980ರ ದಶಕದ ಕೊನೆಯಲ್ಲಿ ಜೀನ್ ಸಿಕ್ಕಾಗ ಸಿಇಎ ಒಬ್ಬಂಟಿಯಲ್ಲ, 19ನೆಯ ಕ್ರೋಮೊಸೋಮಿನ ಮೇಲೆ ನೆಲೆಸಿರುವ ದೊಡ್ಡದೊಂದು ಕುಟುಂಬದ ಸದಸ್ಯ ಎಂದು ತಿಳಿಯಿತು. ರಕ್ತದ ಸಿಇಎ ಇಂದು ಶಸ್ತ್ರಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸಿತೇ ಎಂದು ಕಾಯುವ ಕೆಲಸಕ್ಕೆ ಮುಖ್ಯವಾಗಿ ಬಳಕೆಯಾಗುತ್ತದೆ. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಅಂಗಾಂಶದಲ್ಲಿ ಸಿಇಎಗೆ ಒದಗಿದ ಗತಿ ಇನ್ನೂ ಸ್ವಾರಸ್ಯಕರ. ಮೊಲದಿಂದ ತೆಗೆದ ಹಳೆಯ ಪ್ರತಿಕಾಯ ಸಿಇಎಯ ದಾಯಾದಿ ಪ್ರೋಟೀನ್‌ಗಳಿಗೂ ಅಂಟುತ್ತದೆ. ಪರೀಕ್ಷೆಯ ದೃಷ್ಟಿಯಿಂದ ಅದು ಕೊರತೆ. ಆದರೆ ಯಕೃತ್ತಿನ ಕೋಶಗಳ ನಡುವೆ ಪಿತ್ತ ಹರಿಯುವ ಎಳೆಯಂಥ ಕಾಲುವೆಗಳಿವೆ; ಅವುಗಳ ಗೋಡೆಯಲ್ಲಿ ಅಂಥದೇ ಒಂದು ದಾಯಾದಿ ಕೂತಿದೆ. ಹಳೆಯ ಪ್ರತಿಕಾಯ ಹಾಕಿದಾಗ ಆ ಕಾಲುವೆಗಳು ಕವಲೊಡೆದ ಕಂದು ಗೆರೆಗಳಾಗಿ ಮೂಡುತ್ತವೆ. ಗಂತಿಯಲ್ಲಿ ಆ ಗೆರೆಗಳಿದ್ದರೆ ಅದು ಯಕೃತ್ತಿನಲ್ಲೇ ಹುಟ್ಟಿದ್ದು. ಕೋಶಗಳೇ ಇಡಿಯಾಗಿ ಕಂದಾದರೆ ಬೇರೆಡೆಯಿಂದ ಬಂದ ಗ್ರಂಥಿ ಕ್ಯಾನ್ಸರ್ ಎಂಬ ಶಂಕೆ ಬಲವಾಗುತ್ತದೆ. ಶುದ್ಧವಾದ ಹೊಸ ಪ್ರತಿಕಾಯದಿಂದ ಈ ಕೆಲಸ ಆಗುವುದಿಲ್ಲ. ಮಾಂಟ್ರಿಯಾಲ್‌ನಲ್ಲಿ ಅಷ್ಟು ಶ್ರಮಪಟ್ಟು ಸೋಸಿದ ಕಶ್ಮಲದಂಥದ್ದೇ ಇಲ್ಲಿ ಉಪಯೋಗಕ್ಕೆ ಬಂದದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವೇನಲ್ಲ.

ಮೊಲದಿಂದ ಮೊಲಕ್ಕೆ ಬದಲಾಗುವ ಪ್ರತಿಕಾಯಗಳ ಗೊಂದಲವನ್ನು ಕೇಂಬ್ರಿಜ್‌ನ ಗಿಯೋರ್ಗ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಕೊನೆಗಾಣಿಸಿದರು. ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದ ಜೊತೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಪಡೆಯುವ ವಿಧಾನ ಅದು. ಅದರ ಮೇಲೆ ಪೇಟೆಂಟ್ ಬೀಳಲಿಲ್ಲವಾದ್ದರಿಂದ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನು ಎತ್ತಿಕೊಂಡವು. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1979ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೊವ್‌ಸ್ಕಿಯವರ ತಂಡ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ವಿರುದ್ಧ ಇಂಥ ಪ್ರತಿಕಾಯಗಳನ್ನು ಬೆಳೆಸಿತು. ಅವುಗಳಲ್ಲೊಂದರಿಂದ ಬಂದ ಸಿಎ 19-9 ಕರುಳಿಗಿಂತ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹೆಸರು ಮಾಡಿತು. ಅದು ಪ್ರೋಟೀನಿಗೆ ಜೋತುಬಿದ್ದ ಸಕ್ಕರೆಯ ಸರಪಳಿ, ಲೂಯಿಸ್ ರಕ್ತಗುಂಪಿನ ಸಂಬಂಧಿ. ಲೂಯಿಸ್ ಗುಂಪಿಲ್ಲದವರ ದೇಹ ಅದನ್ನು ತಯಾರಿಸುವುದೇ ಇಲ್ಲ. ಅಂಥವರಲ್ಲಿ ರೋಗ ಎಷ್ಟೇ ಇದ್ದರೂ ಪರೀಕ್ಷೆ ಸುಮ್ಮನಿರುತ್ತದೆ.

ಅಷ್ಟರಲ್ಲಿ ಕ್ಯಾನ್ಸರಿನ ಸ್ವಂತ ಪ್ರೋಟೀನ್ ಎಂಬ ಆಸೆ ಕರಗುತ್ತಿತ್ತು, ಅದರ ಜಾಗಕ್ಕೆ ಬೇರೆಯೇ ಒಂದು ವಿಚಾರ ಬರುತ್ತಿತ್ತು. ಕೋಶ ಎಷ್ಟೇ ಕೆಟ್ಟರೂ ತಾನು ಹುಟ್ಟಿದ ಮನೆಯ ಮಾತನ್ನು ಪೂರ್ತಿ ಮರೆಯುವುದಿಲ್ಲ. ಆ ಮಾತು ಕೆರಟಿನ್‌ಗಳಲ್ಲಿದೆ ಎಂದು 1982ರಲ್ಲಿ ಜರ್ಮನಿಯ ರೋಲಾಂಡ್ ಮೋಲ್, ವರ್ನರ್ ಫ್ರಾಂಕೆ ಮತ್ತು ಸಂಗಡಿಗರು ತೋರಿಸಿದರು. ಹೊದಿಕೆ ಅಂಗಾಂಶಗಳ ಕೋಶಗಳೊಳಗೆ ಅಸ್ಥಿಪಂಜರದಂತೆ ಹೆಣೆದುಕೊಂಡಿರುವ ಕೆರಟಿನ್ ಎಳೆಗಳನ್ನು ಅವರು 1ರಿಂದ 19ರವರೆಗೆ ಅಂಕಿಯಿಟ್ಟು ಪಟ್ಟಿ ಮಾಡಿದರು. ಯಾವ ಅಂಗದಲ್ಲಿ ಯಾವ ಅಂಕಿ ಎಂಬುದು ಬಹುಮಟ್ಟಿಗೆ ನಿಗದಿಯಾಗಿತ್ತು. 1990ರಲ್ಲಿ ಮೋಲ್ ಕರುಳಿನಿಂದ ಇನ್ನೊಂದನ್ನು ಸೇರಿಸಿದರು, ಅದೇ ಕೆರಟಿನ್ 20. ಅದು ಕರುಳಿನ ಕೋಶಗಳಲ್ಲಿ ಧಾರಾಳ. ಕೆರಟಿನ್ 7 ಸ್ತನ, ಶ್ವಾಸಕೋಶ, ಅಂಡಾಶಯ, ಮೇದೋಜೀರಕ ಗ್ರಂಥಿಗಳ ಕಡೆಯದು. ಎರಡನ್ನೂ ಜೋಡಿಯಾಗಿ ಪರೀಕ್ಷಿಸುವ ರೂಢಿ 1990ರ ದಶಕದಲ್ಲಿ ನೆಲೆಯೂರಿತು: 20 ಇದ್ದು 7 ಇಲ್ಲದಿದ್ದರೆ ದೊಡ್ಡ ಕರುಳು, 7 ಇದ್ದು 20 ಇಲ್ಲದಿದ್ದರೆ ಅಂಡಾಶಯ ಅಥವಾ ಇತರ ಅಂಗ. ಕ್ರುಕೆನ್‌ಬರ್ಗ್ ಎದುರಿಸಿದ ಪ್ರಶ್ನೆಗೆ, ಕನಿಷ್ಠ ಕರುಳಿನ ಮಟ್ಟಿಗೆ, ನೂರು ವರ್ಷಗಳ ಮೇಲೆ ಒಂದು ನೇರ ಉತ್ತರ ದೊರೆಯಿತು. ಜಠರ ಮಾತ್ರ ಹಟಮಾರಿ. ಅದರ ಕ್ಯಾನ್ಸರ್ ಈ ಜೋಡಿಯ ನಾಲ್ಕು ಸಾಧ್ಯತೆಗಳಲ್ಲಿ ಯಾವುದನ್ನಾದರೂ ತೋರಿಸಬಹುದು. ಅನ್ನನಾಳದಲ್ಲಿ ಹೆಚ್ಚಾಗಿ ಕಾಣುವ ಚಪ್ಪಟೆ ಕೋಶಗಳ ಕ್ಯಾನ್ಸರಿಗೆ ಕೆರಟಿನ್ 5, 6 ಮತ್ತು ಪಿ40 ಎಂಬ ಪ್ರೋಟೀನ್ ಗುರುತಾದವು.

ಕೆರಟಿನ್‌ಗಿಂತ ಒಂದು ಹೆಜ್ಜೆ ಒಳಗಿರುವುದು ಕೋಶಕೇಂದ್ರದ ಆಜ್ಞೆ ಹೊರಡಿಸುವ ಪ್ರೋಟೀನ್‌ಗಳು. ಹಣ್ಣುನೊಣದ ಬಾಲದ ಭಾಗವನ್ನು ರೂಪಿಸುವ ಕಾಡಲ್ ಎಂಬ ಜೀನಿನ ಮನುಷ್ಯ ಬಂಧು ಸಿಡಿಎಕ್ಸ್2. ಕೋಶಕ್ಕೆ ನೀನು ಕರುಳಾಗು ಎಂದು ಹೇಳುವುದು ಅದರ ಕೆಲಸ. 2003ರಿಂದ ಅದು ಕರುಳಿನ ಕ್ಯಾನ್ಸರಿನ ಗುರುತು ಪ್ರೋಟೀನ್ (ಮಾರ್ಕರ್) ಆಗಿ ಬಳಕೆಗೆ ಬಂತು. ಅದೇ ವರ್ಷ ಸ್ವೀಡನ್‌ನಲ್ಲಿ ಮಥಿಯಾಸ್ ಉಲೇನ್ ಮುಂದಾಳುತನದಲ್ಲಿ ಶುರುವಾದ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ಯೋಜನೆ ಮಾನವನ ಪ್ರತಿ ಪ್ರೋಟೀನಿಗೂ ಪ್ರತಿಕಾಯ ತಯಾರಿಸಿ, ಎಲ್ಲ ಅಂಗಗಳ ಮೇಲೆ ಹಾಕಿ ನೋಡತೊಡಗಿತು. 2011ರಲ್ಲಿ ಆ ರಾಶಿಯಿಂದ ಹೆಕ್ಕಿ ತೆಗೆದದ್ದು ಎಸ್‌ಎಟಿಬಿ2. ದೊಡ್ಡ ಕರುಳಿನ ಕೆಳಭಾಗಕ್ಕೆ ಅದು ಸಿಡಿಎಕ್ಸ್2ಗಿಂತ ಹೆಚ್ಚು ನಿಷ್ಠೆ ತೋರಿಸುತ್ತದೆ. ಸಿಡಿಎಕ್ಸ್2 ಹಾಗಲ್ಲ. ಬಹುಕಾಲದ ಉರಿಯಿಂದ ಬೇಸತ್ತ ಜಠರದ ಒಳಪದರ ಕೆಲವೊಮ್ಮೆ ಕರುಳಿನ ವೇಷ ತೊಡುತ್ತದೆ, ಆಗ ಜಠರದ ಕ್ಯಾನ್ಸರಿನಲ್ಲೂ ಅದು ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ಪ್ರತಿಕಾಯಗಳು ಕೈಯಲ್ಲಿದ್ದೂ 1980ರ ದಶಕದ ಪ್ರಯೋಗಾಲಯಗಳು ಒದ್ದಾಡುತ್ತಿದ್ದವು. ಕಾರಣ ಬ್ಲೂಮ್ ಅವರ ಫಾರ್ಮಲಿನ್. ಅಂಗಾಂಶವನ್ನು ಕಾಪಾಡುವಾಗ ಅದು ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ, ಪ್ರತಿಕಾಯಕ್ಕೆ ಹಿಡಿಯಲು ತುದಿಯೇ ಸಿಗುವುದಿಲ್ಲ. ಟ್ರಿಪ್ಸಿನ್‌ನಂಥ ಕಿಣ್ವಗಳಿಂದ ಒಂದಿಷ್ಟು ಅರಗಿಸಿ ನೋಡುತ್ತಿದ್ದರು. ಕೆಲವಕ್ಕೆ ಸರಿಹೋಗುತ್ತಿತ್ತು, ಕೆಲವು ಅಂಗಾಂಶ ಕರಗಿಯೇ ಹೋಗುತ್ತಿತ್ತು. ಚೀನಾದಿಂದ ಅಮೆರಿಕಕ್ಕೆ ಬಂದಿದ್ದ ಷಾನ್-ರೋಂಗ್ ಷಿ 1940ರ ದಶಕದ ರಸಾಯನಶಾಸ್ತ್ರದ ಲೇಖನಗಳಲ್ಲಿ ಒಂದು ಮಾತನ್ನು ಗುರುತಿಸಿದರು: ಫಾರ್ಮಲಿನ್ ಹಾಕಿದ ಹೊಲಿಗೆಯನ್ನು ಜೋರು ಶಾಖದಿಂದ ಬಿಚ್ಚಬಹುದು. 1991ರಲ್ಲಿ ಅವರು ಮತ್ತು ಸಂಗಡಿಗರು ಸ್ಲೈಡ್‌ಗಳನ್ನು ಲವಣದ ದ್ರಾವಣದಲ್ಲಿ ಮುಳುಗಿಸಿ ಮೈಕ್ರೋವೇವ್ ಒಲೆಯಲ್ಲಿ ಕುದಿಸಿದರು. ಪ್ರೋಟೀನನ್ನು ಕುದಿಸಿದರೆ ಕೆಡುತ್ತದೆ ಎಂಬುದು ಮೊಟ್ಟೆ ಬೇಯಿಸಿದ ಯಾರಿಗಾದರೂ ಗೊತ್ತಿರುವ ಸಂಗತಿ. ಆದರೆ ಕುದಿಸಿದ ಸ್ಲೈಡ್‌ಗಳಲ್ಲಿ ಕಂದು ಬಣ್ಣ ಹಿಂದೆಂದೂ ಕಾಣದಷ್ಟು ಚೆನ್ನಾಗಿ ಹಿಡಿಯಿತು. ಸ್ವಲ್ಪ ಕಾಲಕ್ಕೆ ಮೈಕ್ರೋವೇವ್ ಜೊತೆಗೆ ಪ್ರೆಷರ್ ಕುಕ್ಕರ್‌ಗಳೂ ಪ್ರಯೋಗಾಲಯಕ್ಕೆ ಬಂದವು. ಈ ಚರಿತ್ರೆಯಲ್ಲಿ ಅತ್ಯಂತ ಅಗ್ಗದ ಹಾಗೂ ಅತ್ಯಂತ ದೊಡ್ಡ ಲಾಭ ತಂದ ಹೆಜ್ಜೆ ಇದು ಎನ್ನಲು ಅಡ್ಡಿಯಿಲ್ಲ.

ಕುದಿಸುವಿಕೆಯ ಫಲವನ್ನು ತಕ್ಷಣ ಉಂಡದ್ದು ಕೆಐ-67. ವಿಭಜನೆಗೆ ತೊಡಗಿದ ಕೋಶಗಳಲ್ಲಿ ಮಾತ್ರ ಇರುವ ಈ ಪ್ರೋಟೀನನ್ನು 1983ರಲ್ಲಿ ಯೋಹಾನೆಸ್ ಗೆರ್ಡೆಸ್ ಮತ್ತು ಜೊತೆಗಾರರು ಗುರುತಿಸಿದ್ದರು. ಕೀಲ್ ನಗರದ ಹೆಸರು, ತಟ್ಟೆಯಲ್ಲಿ 67ನೆಯ ಕುಳಿ, ಎರಡೂ ಸೇರಿ ಆ ಹೆಸರು. ಮೊದಲ ಪ್ರತಿಕಾಯ ಹೆಪ್ಪುಗಟ್ಟಿಸಿದ ಅಂಗಾಂಶದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. 1992ರಲ್ಲಿ ಬಂದ ಎಂಐಬಿ-1 ಎಂಬ ಹೊಸ ಪ್ರತಿಕಾಯವನ್ನು ಕುದಿಸಿದ ಮೇಣದ ಸ್ಲೈಡ್‌ಗಳ ಮೇಲೂ ಬಳಸಬಹುದಾಯಿತು. ಓಬರ್ನ್‌ಡಾರ್ಫರ್‌ರ ಕಾರ್ಸಿನಾಯ್ಡ್‌ಗಳನ್ನು ಇಂದು ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್ ಎಂಬ ಎರಡು ಪ್ರೋಟೀನ್‌ಗಳಿಂದ ಗುರುತಿಸಿ, ಕೆಐ-67 ಎಣಿಸಿ ದರ್ಜೆ ಕೊಡುತ್ತಾರೆ: ಶೇ. 3ಕ್ಕಿಂತ ಕಡಿಮೆಯಾದರೆ ಮೊದಲ ದರ್ಜೆ, ಶೇ. 20ರವರೆಗೆ ಎರಡನೆಯದು, ಅದನ್ನೂ ಮೀರಿದರೆ ಮೂರನೆಯದು.

ಒಂದು ಪ್ರೋಟೀನ್ ಒಂದು ರೋಗದ ಚರಿತ್ರೆಯನ್ನೇ ಹೊಸದಾಗಿ ಬರೆಸಿದ್ದಕ್ಕೆ ಜಿಸ್ಟ್ (ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್) ಎಂಬ ಗಂತಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಜಠರ ಮತ್ತು ಕರುಳಿನ ಗೋಡೆಯೊಳಗೆ, ಒಳಪದರದ ಕೆಳಗೆ ಬೆಳೆಯುವ ಗಂತಿಗಳನ್ನು ದಶಕಗಟ್ಟಲೆ ನಯವಾದ ಸ್ನಾಯುವಿನ ಗಂತಿಗಳೆಂದೇ ಕರೆಯುತ್ತಿದ್ದರು, ಏಕೆಂದರೆ ಉದ್ದನೆಯ ಅವುಗಳ ಕೋಶಗಳು ಸ್ನಾಯುವಿನಂತೆ ಕಾಣುತ್ತವೆ. 1983ರಲ್ಲಿ ಮೈಕೆಲ್ ಮಝೂರ್ ಮತ್ತು ಬ್ರೆಂಟ್ ಕ್ಲಾರ್ಕ್ ಐಎಚ್‌ಸಿ ಹಾಕಿ ನೋಡಿದಾಗ ಅನೇಕ ಗಂತಿಗಳಲ್ಲಿ ಸ್ನಾಯುವಿನ ಪ್ರೋಟೀನೂ ಇರಲಿಲ್ಲ, ನರದ್ದೂ ಇರಲಿಲ್ಲ. ಏನೆಂದು ಗೊತ್ತಿಲ್ಲದ್ದಕ್ಕೆ ಅವರು ಸ್ಟ್ರೋಮಲ್ ಟ್ಯೂಮರ್ ಎಂಬ, ಯಾರಿಗೂ ನೋವಾಗದ ಹೆಸರಿಟ್ಟರು. ಉತ್ತರ ಬಂದದ್ದು ಬೇರೊಂದು ಓಣಿಯಿಂದ. 19ನೆಯ ಶತಮಾನದ ಕೊನೆಯಲ್ಲಿ ಸ್ಪೇನ್‌ನ ಸಾಂಟಿಯಾಗೊ ರಾಮೊನ್ ಇ ಕಹಾಲ್ ಕರುಳಿನ ಗೋಡೆಯಲ್ಲಿ ನರಕ್ಕೂ ಸ್ನಾಯುವಿಗೂ ನಡುವೆ ಕೈಚಾಚಿ ನಿಂತ ಕೆಲವು ಕೋಶಗಳನ್ನು ಕಂಡಿದ್ದರು. ಕರುಳಿನ ಅಲೆಯಾಟಕ್ಕೆ ತಾಳ ಹಾಕುವವು ಇವೇ ಎಂದು ಬಹಳ ತಡವಾಗಿ ತಿಳಿಯಿತು. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಈ ಕೋಶಗಳು ಬದುಕಲು ಕಿಟ್ ಎಂಬ ಪ್ರೋಟೀನ್ ಬೇಕೇಬೇಕೆಂದು ಇಲಿಗಳಲ್ಲಿ ತೋರಿಸಿದ್ದರು. 1998ರಲ್ಲಿ ಒಸಾಕಾದ ಸೀಯಿಚಿ ಹಿರೋಟ ಮತ್ತು ಸಂಗಡಿಗರು ಆ ಕಿಟ್ ಪ್ರತಿಕಾಯವನ್ನೇ ಮೂಲ ತಿಳಿಯದ ಆ ಗಂತಿಗಳ ಮೇಲೆ ಹಾಕಿದಾಗ ಬಹುಪಾಲು ಸ್ಲೈಡ್‌ಗಳು ಕಂದಾದವು. ಕಿಟ್ ಜೀನಿನಲ್ಲಿ ಅದನ್ನು ಸದಾ ಚಾಲೂ ಸ್ಥಿತಿಯಲ್ಲಿಡುವ ದೋಷವೂ ಸಿಕ್ಕಿತು.

ಅದೇ ಹೊತ್ತಿಗೆ ರಕ್ತದ ಕ್ಯಾನ್ಸರಿಗೆಂದು ರೂಪಿಸುತ್ತಿದ್ದ ಇಮಾಟಿನಿಬ್ ಎಂಬ ಗುಳಿಗೆ ಕಿಟ್ ಅನ್ನೂ ತಡೆಯುತ್ತದೆಂದು ಗೊತ್ತಿತ್ತು. 2000ದ ಮಾರ್ಚ್‌ನಲ್ಲಿ ಫಿನ್ಲೆಂಡಿನಲ್ಲಿ ಜಿಸ್ಟ್ ಹರಡಿದ್ದ ರೋಗಿಯೊಬ್ಬರಿಗೆ ಮೊದಲು ಅದನ್ನು ಕೊಟ್ಟರು. ಗಂತಿಗಳು ವಾರಗಳಲ್ಲೇ ಕುಗ್ಗಿದವು. 2002ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ದೊರೆಯಿತು. ಕಿಮೊಥೆರಪಿಗೆ ಜಗ್ಗದಿದ್ದ ಒಂದು ರೋಗ ನಾಲ್ಕು ವರ್ಷಗಳಲ್ಲಿ ಗುಳಿಗೆಯಿಂದ ಹತೋಟಿಗೆ ಬರುವಂತಾಯಿತು. ಎಷ್ಟೋ ಕಡೆ ಕಪಾಟಿನಲ್ಲಿದ್ದ ಹಳೆಯ ಮೇಣದ ಬ್ಲಾಕ್‌ಗಳನ್ನು ಹೊರತೆಗೆದು ಸ್ನಾಯುವಿನ ಗಂತಿ ಎಂದು ಬರೆದಿದ್ದ ವರದಿಗಳನ್ನು ತಿದ್ದಿದರು. ಕಿಟ್ ತೋರಿಸದ ಅಲ್ಪಸಂಖ್ಯಾತ ಜಿಸ್ಟ್‌ಗಳಿಗಾಗಿ 2004ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಡಾಗ್1 ಬಂತು. ಜಿಸ್ಟ್ ಮೇಲೆ ಕಂಡದ್ದು ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳೇ ಅದರ ಹೆಸರು.

ಇವೆಲ್ಲ ಕಂದು ಬಣ್ಣ ಬಂದರೆ ಅರ್ಥ ಕೊಡುವ ಪರೀಕ್ಷೆಗಳು. ಬಣ್ಣ ಬಾರದಿರುವುದೇ ಉತ್ತರವಾಗುವ ಪರೀಕ್ಷೆಯೂ ಒಂದಿದೆ, ಅದರ ಕಥೆ 1895ರಲ್ಲಿ ಶುರುವಾಗುತ್ತದೆ. ಅಮೆರಿಕದ ಆನ್ ಆರ್ಬರ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ರೋಗಶಾಸ್ತ್ರಜ್ಞರ ಮನೆಗೆ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳು, ತಮ್ಮ ಮನೆತನದಲ್ಲಿ ಎಲ್ಲರೂ ಕರುಳು, ಜಠರ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆ, ತಾನೂ ಹಾಗೆಯೇ ಸಾಯುತ್ತೇನೆ ಎಂದು ಹೇಳಿದರು. ಅವರ ಮಾತು ನಿಜವಾಯಿತು. ವಾರ್ಥಿನ್ 1913ರಲ್ಲಿ ಆ ವಂಶದ ವಿವರ ಪ್ರಕಟಿಸಿದರು, ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1960ರ ದಶಕದಲ್ಲಿ ನೆಬ್ರಾಸ್ಕಾದ ಹೆನ್ರಿ ಲಿಂಚ್ ಇಂಥವೇ ಮನೆತನಗಳನ್ನು ಹಿಡಿದು ಹೊರಟಾಗಲೂ ಬಹಳ ಮಂದಿ ನಂಬಲಿಲ್ಲ. ಕ್ಯಾನ್ಸರ್ ವಂಶಪಾರಂಪರ್ಯ ಎಂಬ ಮಾತು ಆಗ ವೈದ್ಯರ ನಡುವೆ ರುಚಿಸುತ್ತಿರಲಿಲ್ಲ. 1993-94ರಲ್ಲಿ ಕಾರಣ ಸಿಕ್ಕಿತು. ಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಾಗುವ ತಪ್ಪುಗಳನ್ನು ತಿದ್ದುವ ಎಂಎಸ್‌ಎಚ್2, ಎಂಎಲ್‌ಎಚ್1 ಜೀನ್‌ಗಳಲ್ಲಿ ದೋಷವಿತ್ತು. ವಾರ್ಥಿನ್‌ರ ಆ ಮೊದಲ ಮನೆತನದಲ್ಲೂ ಎಂಎಸ್‌ಎಚ್2 ದೋಷವೇ ಇದ್ದದ್ದು 2000ದಲ್ಲಿ ಖಚಿತವಾಯಿತು. ಈ ರೋಗಕ್ಕೆ ಈಗ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ತಿದ್ದುವ ಪ್ರೋಟೀನ್‌ಗಳು ನಾಲ್ಕು, ಎರಡು ಜೋಡಿ: ಎಂಎಲ್‌ಎಚ್1 ಜೊತೆ ಪಿಎಂಎಸ್2, ಎಂಎಸ್‌ಎಚ್2 ಜೊತೆ ಎಂಎಸ್‌ಎಚ್6. ಆರೋಗ್ಯವಂತ ಕೋಶಗಳಲ್ಲಿ ನಾಲ್ಕೂ ಇರುತ್ತವೆ. ಗಂತಿಯ ಕೋಶಕೇಂದ್ರಗಳು ನೀಲಿಯಾಗಿಯೇ ಉಳಿದು, ಪಕ್ಕದ ಬಿಳಿರಕ್ತಕಣಗಳು ಕಂದಾದರೆ ಗಂತಿಯಲ್ಲಿ ಆ ಪ್ರೋಟೀನ್ ಕಳೆದುಹೋಗಿದೆ ಎಂದು ಅರ್ಥ. ಪಕ್ಕದ ಕಣಗಳಿಗೂ ಬಣ್ಣ ಬಂದಿಲ್ಲದಿದ್ದರೆ ಪರೀಕ್ಷೆಯೇ ಕೆಟ್ಟಿದೆ, ಮತ್ತೆ ಮಾಡಬೇಕು. ಎಂಎಲ್‌ಎಚ್1 ಕಳೆದುಹೋದ ಮಾತ್ರಕ್ಕೆ ವಂಶದ ದೋಷ ಎನ್ನಲಾಗದು. ವಯಸ್ಸಾದವರಲ್ಲಿ ಜೀನ್ ತಾನಾಗಿ ಬಾಯಿ ಮುಚ್ಚಿಕೊಳ್ಳುವುದೂ ಉಂಟು. 2017ರ ಮೇ ತಿಂಗಳಲ್ಲಿ ಈ ಪರೀಕ್ಷೆಯ ಬೆಲೆ ಇನ್ನಷ್ಟು ಏರಿತು. ತಿದ್ದುವ ಪ್ರೋಟೀನ್ ಇಲ್ಲದ ಗಂತಿ ಯಾವ ಅಂಗದ್ದೇ ಆಗಲಿ, ಪೆಂಬ್ರೊಲಿಝುಮಾಬ್ ಎಂಬ ಪ್ರತಿರಕ್ಷಾ ಔಷಧವನ್ನು ಕೊಡಬಹುದೆಂದು ಅಮೆರಿಕದ ನಿಯಂತ್ರಕರು ಒಪ್ಪಿದರು. ಅಂಗದ ಹೆಸರು ಕೇಳದೆ ಒಪ್ಪಿಗೆ ಪಡೆದ ಮೊದಲ ಕ್ಯಾನ್ಸರ್ ಔಷಧಬಳಕೆ ಅದು. ಹುಟ್ಟೂರನ್ನು ಹೇಳಲು ಬಂದ ವಿದ್ಯೆ ಇಲ್ಲಿ ಹುಟ್ಟೂರನ್ನೇ ಬದಿಗೆ ಸರಿಸಿತು.

ಔಷಧಕ್ಕಾಗಿ ಪ್ರೋಟೀನ್ ನೋಡುವ ರೂಢಿ ಜಠರಕ್ಕೂ ಬಂತು. ಸ್ತನ ಕ್ಯಾನ್ಸರಿನಲ್ಲಿ 1998ರಿಂದ ಬಳಕೆಯಲ್ಲಿದ್ದ ಟ್ರಾಸ್ಟುಝುಮಾಬ್ ಎಂಬ ಔಷಧವನ್ನು ಎಚ್‌ಇಆರ್2 ಎಂಬ ಪ್ರೋಟೀನ್ ಹೆಚ್ಚಿರುವ ಜಠರದ ಕ್ಯಾನ್ಸರಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂದಾಗ, ರೋಗಿಗಳ ಮಧ್ಯಾಂಕ (ಮೀಡಿಯನ್) ಆಯುಸ್ಸು 11.1 ತಿಂಗಳಿಂದ 13.8 ತಿಂಗಳಿಗೆ ಏರಿತ್ತು. ದೊಡ್ಡದಲ್ಲದಿದ್ದರೂ ಈ ರೋಗದಲ್ಲಿ ಕಡೆಗಣಿಸುವಂಥದ್ದಲ್ಲ. ಸ್ತನದ ಅಳತೆಗೋಲು ಮಾತ್ರ ಇಲ್ಲಿ ನಡೆಯಲಿಲ್ಲ. ಅಲ್ಲಿ ಕೋಶದ ಸುತ್ತ ಪೂರ್ತಿ ಕಂದು ಬಳೆ ಬೇಕು. ಜಠರದ ಗ್ರಂಥಿಕೋಶಗಳಲ್ಲಿ ಒಳಬದಿ ಖಾಲಿ ಉಳಿದು ಬಣ್ಣ ಕುದುರೆಲಾಳದಂತೆ ಬೀಳುತ್ತದೆ, ಅದನ್ನೂ ಒಪ್ಪಿಕೊಳ್ಳುವ ಬೇರೆ ನಿಯಮ ಮಾಡಬೇಕಾಯಿತು. 2024ರಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ಝೋಲ್‌ಬೆಟುಕ್ಸಿಮಾಬ್‌ನ ಗುರಿ ಕ್ಲಾಡಿನ್ 18.2, ಜಠರದ ಒಳಪದರದ ಕೋಶಗಳನ್ನು ಒತ್ತಾಗಿ ಬೆಸೆಯುವ ಪ್ರೋಟೀನ್. ಗಂತಿಯ ಶೇ. 75 ಅಥವಾ ಹೆಚ್ಚು ಕೋಶಗಳ ಅಂಚಿನಲ್ಲಿ ಅದು ಢಾಳಾಗಿ ಕಂಡರೆ ಮಾತ್ರ ಔಷಧ. ಇದೂ ಕ್ಯಾನ್ಸರಿನ ಸ್ವಂತದ್ದಲ್ಲ, ಜಠರದ್ದೇ. ಔಷಧ ಕೊಟ್ಟಾಗ ವಾಂತಿ ವಿಪರೀತವಾಗುವುದು ಆ ಕಾರಣಕ್ಕೇ.

ಯಾವ ಅಂಗದಲ್ಲಿ ಯಾವ ಪ್ರೋಟೀನ್ ಎಂಬ ಮೂಲಪಟ್ಟಿಗೆ ಬೆಂಗಳೂರಿನ ಪಾಲೂ ಸೇರಿದೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಾನವ ಪ್ರೋಟೀನ್‌ಗಳ ಕರಡು ನಕ್ಷೆಯನ್ನು ಪ್ರಕಟಿಸಿದರು. ಮ್ಯೂನಿಕ್‌ನ ಗುಂಪೊಂದರ ನಕ್ಷೆಯೂ ಅದೇ ಸಂಚಿಕೆಯಲ್ಲಿತ್ತು. 30 ಬಗೆಯ ಆರೋಗ್ಯವಂತ ಮಾದರಿಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪರೀಕ್ಷಿಸಿ 17,294 ಜೀನ್‌ಗಳ ಪ್ರೋಟೀನ್‌ಗಳನ್ನು ಅವರು ಗುರುತಿಸಿದ್ದರು. ಅನ್ನನಾಳ, ದೊಡ್ಡ ಕರುಳು, ಗುದನಾಳಗಳ ಜೊತೆಗೆ ಭ್ರೂಣದ ಕರುಳೂ ಆ ಮಾದರಿಗಳಲ್ಲಿತ್ತು, ಗೋಲ್ಡ್ ಮತ್ತು ಫ್ರೀಡ್‌ಮನ್ ಅರ್ಧ ಶತಮಾನದ ಹಿಂದೆ ಸಿಇಎಯನ್ನು ಕಂಡ ಅದೇ ಅಂಗಾಂಶ.

ಇಂದು ಯಾವ ರೋಗಶಾಸ್ತ್ರಜ್ಞರೂ ಒಂದೇ ಪ್ರೋಟೀನನ್ನು ನೆಚ್ಚಿ ವರದಿ ಬರೆಯುವುದಿಲ್ಲ. ಮೊದಲು ನೀಲಿ-ಗುಲಾಬಿ ಸ್ಲೈಡ್ ನೋಡಿ, ಅನುಮಾನಕ್ಕೆ ತಕ್ಕಂತೆ ನಾಲ್ಕಾರು ಮಾರ್ಕರ್‌ಗಳನ್ನು ಆರಿಸಿ, ಬಂದದ್ದನ್ನೂ ಬಾರದ್ದನ್ನೂ ಕೂಡಿಸಿ ಓದುತ್ತಾರೆ. ಚೂರು ಎಷ್ಟೇ ಚಿಕ್ಕದಾದರೂ ಮೇಣದ ಬ್ಲಾಕ್ ಕೆಡುವುದಿಲ್ಲ. ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಅದರಿಂದ ಹೊಸ ಪದರ ಸೀಳಿ, ಬ್ಲಾಕ್ ಮಾಡಿದಾಗ ಯಾರಿಗೂ ಗೊತ್ತಿಲ್ಲದಿದ್ದ ಪ್ರೋಟೀನನ್ನು ಪರೀಕ್ಷಿಸಬಹುದು. ಚಿಕಿತ್ಸೆಗಾಗಿ ಬೇರೆ ಆಸ್ಪತ್ರೆಗೆ ಹೋಗುವ ರೋಗಿಗಳಿಂದ ವರದಿಯ ಕಾಗದದ ಜೊತೆ ಸ್ಲೈಡ್ ಮತ್ತು ಬ್ಲಾಕ್‌ಗಳನ್ನೂ ಕೇಳುವುದು ಇದಕ್ಕಾಗಿಯೇ.